ಸೂಜಿ ಚುಚ್ಚಲು ಒಪ್ಪದ ಅಕ್ಕ

ಮೊನ್ನೆ ನೌಬಾದದ ನಮ್ಮ ಆಸ್ಪತ್ರೆಯಲ್ಲಿ ಹೊಸ ನರ್ಸ್ ಒಬ್ಬಳು ಇಂಜೆಕ್ಷನ್ ಔಷಧ ಕೈಮೇಲೆ ಚೆಲ್ಲಿಕೊಂಡಳು. ಗಂಧಕದಂಥ ಸಣ್ಣ ಘಾಟು... ಭಾಲ್ಕಿಯ ಅಕ್ಕ ನೆನಪಾದರು.

ನನಗಾಗ ಇಪ್ಪತ್ತೊಂದು. ಭಾಲ್ಕಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೊದಲ ನೌಕರಿ. ಔರಾದ ಕಡೆಯ ಆ ಹಿರಿಯ ನರ್ಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಭಾತಂಬ್ರಾದ ಮುದುಕಿಯೊಬ್ಬಳು ಜ್ವರದಿಂದ ದಾಖಲಾಗಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ನಾನು ಅದೇ ಘಾಟಿನ ಇಂಜೆಕ್ಷನ್ ತುಂಬಿಕೊಂಡು ಹೋದಾಗ, ಅಕ್ಕ ಮಂಚಕ್ಕೆ ತೂಗಿದ್ದ ಮೂತ್ರದ ಚೀಲವನ್ನು ನೋಡುತ್ತ ನಿಂತಿದ್ದರು.

"ನಿನ್ನಿಯಿಂದ ಇಷ್ಟೇ ಏನು? ಸೂಜಿ ಕೆಳಗ ಇಡು."

"ಡಾಕ್ಟರ್ ಬರದಾರ್ರೀ ಅಕ್ಕಾ."

"ಒಳಗ ಹಾಕೂದು ಅವರು ಬರದಾರ. ಹೊರಗ ಹೋಗೂದು ನಾವು ನೋಡಬೇಕು. ಕೆಲವು ಔಷಧಗಳನ್ನ ಲಿವರೇ ಒಡದು ಹಾಕ್ತದ. ಇದು ಹಂಗಲ್ಲ, ಇದ್ದಂಗೇ ಕಿಡ್ನಿಯಿಂದ ಹೊರಗ ಬೀಳಬೇಕು. ಕಿಡ್ನಿ ಸೋತ್ರ ರಕ್ತದಾಗೇ ಜಮಾ ಆಗ್ತದ. ಮತ್ತಷ್ಟು ಕಿಡ್ನಿ ತಿಂತದ, ಕಿವಿನೂ ತಿಂತದ."

ಅಕ್ಕ ಫೋನ್ ಮಾಡಿದರು. ಡಾಕ್ಟರು ಸಿಟ್ಟಿನಿಂದಲೇ ಬಂದರು. "ನರ್ಸ್ ಇದ್ದೀರಿ, ನರ್ಸ್ ಹಂಗೇ ಇರ್ರಿ," ಎಂದರು, ರೋಗಿಗಳೆಲ್ಲ ಕೇಳುವಂತೆ.

"ನರ್ಸ್ ಅದೀನಿ ಅಂತೇ ತಡದೀನ್ರಿ. ಮೊದಲ ರಕ್ತದಾಗ ಕ್ರಿಯಾಟಿನಿನ್ ನೋಡ್ರಿ, ಕಿಡ್ನಿ ಹೆಂಗದ ಗೊತ್ತಾಗ್ತದ. ಇಲ್ಲಂದ್ರ ನೀವೇ ಹಾಕ್ರಿ, ನಾ ಹಾಕಂಗಿಲ್ಲ."

ಅವರೆದುರೇ ಚಾರ್ಟಿನಲ್ಲಿ 'ಡೋಸ್ ಕೊಟ್ಟಿಲ್ಲ' ಎಂದು ಬರೆದು, ಕಾರಣವನ್ನೂ ಬರೆದು, ದೊಡ್ಡದಾಗಿ ಸಹಿ ಮಾಡಿದರು. ಡಾಕ್ಟರು ಗೊಣಗುತ್ತಲೇ ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಮಧ್ಯಾಹ್ನ ರಿಪೋರ್ಟ್ ಬಂತು. ಕ್ರಿಯಾಟಿನಿನ್ ವಿಪರೀತ ಏರಿತ್ತು. ಡಾಕ್ಟರು ಔಷಧ ಬದಲಿಸಿದರು.

ಮುದುಕಿ ಚೇತರಿಸಿಕೊಂಡಳು. ಮನೆಗೆ ಹೊರಟ ದಿನ ಮಗಳು ಜೋರಾಗಿ ಕರೆದದ್ದಕ್ಕೆ, "ಯಾಕ ಒದರ್ತಿ? ನನಗ ಕೇಳಸ್ತದ," ಎಂದು ಗದರಿದಳು. ಅಕ್ಕ ನನ್ನತ್ತ ನೋಡಿ ನಕ್ಕರು.

ಮುಂದಿನ ತಿಂಗಳೇ ಆಸ್ಪತ್ರೆಯವರು ಅಕ್ಕನನ್ನು ವಾರ್ಡಿನಿಂದ ತೆಗೆದು ಗಾಯ ಕಟ್ಟುವ ಕೋಣೆಗೆ ಹಾಕಿದರು. ನಾನು ಅತ್ತುಬಿಟ್ಟೆ. "ಹುಚ್ಚಿ, ಅಲ್ಲೂ ರೋಗಿಗಳೇ ಬರ್ತಾರ," ಎಂದರು. ಡಾಕ್ಟರ ಕ್ಷಮೆ ಕೇಳಿದರೆ ವಾಪಸ್ ಹಾಕುತ್ತೇವೆಂದು ಹೇಳಿಕಳಿಸಿದ್ದರಂತೆ. ಅಕ್ಕ ಕೇಳಲಿಲ್ಲ. ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಹೋದ ವರ್ಷ ತೀರಿಕೊಂಡರು. ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೂ ಹೋಗಲಾಗಲಿಲ್ಲ...

ಈಗ ವಾರ್ಡಿನಲ್ಲಿ ನಾನೇ ಹಿರಿಯಳು. ಮೂತ್ರ ಇಳಿದದ್ದು ಕಂಡರೆ ನಾನೂ ಡೋಸ್ ತಡೆಯುತ್ತೇನೆ, ಡಾಕ್ಟರನ್ನು ಕರೆಯುತ್ತೇನೆ. ಕೆಲವರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ. ಆ ಡಾಕ್ಟರು ಹೋದ ಮೇಲೆ ಮಾತ್ರ, ತಪ್ಪು ನನ್ನದೇ ಇರಬಹುದೇ ಎಂದು ಮೂತ್ರದ ಚೀಲವನ್ನು ಇನ್ನೊಮ್ಮೆ ನೋಡಿ ಬರುತ್ತೇನೆ. ಅಕ್ಕನಿಗೂ ಹೀಗೆ ಅನುಮಾನ ಬರುತ್ತಿತ್ತೇ? ಕೇಳೋಣವೆಂದರೆ ಅವರಿಲ್ಲ.