ನಾನು ಬಚ್ಚಿಟ್ಟ ಒಂದು ಕೊಡ ನೀರು

೧೯೮೩ರ ಬೇಸಿಗೆ. ನನ್ನ ಮಗನಿಗೆ ಆಗ ಎಂಟು ತಿಂಗಳು. ಬೆಳಗಾವಿಯ ಮಿಲಿಟರಿ ಕ್ಯಾಂಪಿಗೆ ಹತ್ತಿರದ ಓಣಿಯೊಂದರಲ್ಲಿ ನಮ್ಮದು ಬಾಡಿಗೆ ಮನೆ. ಒಂಬತ್ತು ಮನೆಗಳಿಗೆ ಒಂದೇ ಬಾವಿ. ಎಂಥ ಬಿಸಿಲಿಗೂ ಅದು ಬತ್ತಿದ್ದನ್ನು ಹಿರಿಯರ್ಯಾರೂ ಕಂಡಿರಲಿಲ್ಲ. ಆದರೆ ಓಣಿಯ ಹಿಂದಿನ ಮಾವಿನ ತೋಪು ಕಡಿದು ಹೊಸ ಮನೆಗಳೆದ್ದು, ಸುತ್ತ ಬೋರ್‌ವೆಲ್ ಕೊರೆದ ಮೇಲೆ ನೀರು ವರ್ಷ ವರ್ಷ ಇಳಿಯುತ್ತ ಬಂದು, ಆ ಏಪ್ರಿಲ್‌ನಲ್ಲಿ ತಳ ಕಂಡೇಬಿಟ್ಟಿತು. ನಾಲ್ಕು ದಿನಕ್ಕೊಮ್ಮೆ ಬರುವ ನಳದ ಮುಂದೆ ಹೆಂಗಸರು ಕೊಡಕ್ಕೆ ಕೊಡ ಬಡಿದು ಜಗಳಾಡುತ್ತಿದ್ದೆವು. ನಾನೇನು ಕಡಿಮೆಯಲ್ಲ, ಬಾಯಿ ಜೋರು ನನ್ನದು.

ಬಾವಿಯನ್ನು ಇನ್ನಷ್ಟು ತೋಡಿದರೆ ಸೆಲೆ ಸಿಕ್ಕೀತೆಂದು ಪಕ್ಕದ ಮನೆಯ ದಸ್ತಗೀರ್ ಚಾಚಾ ಮುಂದಾದರು. ಗೌಂಡಿ ಕೆಲಸದವರು, ಗಟ್ಟಿ ಆಳು. “ನಿನ್ನ ಕೂಸಿನ ಬಟ್ಟಿ ಒಗಿಯಾಕರ ನೀರು ಬೇಕಲ್ಲವಾ” ಎಂದು ನನ್ನನ್ನು ನಗಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ತಳ ಮುಟ್ಟಿ ಹಗ್ಗ ಬಿಚ್ಚಿದರು. ನಾಲ್ಕು ಸಲ ಗುದ್ದಲಿಯ ಸದ್ದು ಬಂತು, ಆಮೇಲೆ ಇಲ್ಲ. ಬಗ್ಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ! ಕೂಗಿದರೆ ಉತ್ತರವಿಲ್ಲ. ಅವರ ಹೆಂಡತಿ ಫಾತಿಮಾ ಚಾಚಿ ಎದೆ ಬಡಿದುಕೊಂಡರು. ಚಾಚಾನ ತಮ್ಮ ಬಾಬು ಇಳಿಯಲು ಹಗ್ಗಕ್ಕೆ ಕೈ ಹಾಕಿದ.

“ಏ ತಮ್ಮಾ, ಇಳೀಬ್ಯಾಡ!” ಎಂದು ಹಿಂದಿನಿಂದ ಯಾರೋ ಚೀರಿದರು. ಖಾನಾಪುರದಿಂದ ಗಡಿಗೆ ಮಾರಲು ಬಂದಿದ್ದ ಕುಂಬಾರ ಮುದುಕಿ. “ಕಂದೀಲ ಬಿಟ್ಟು ನೋಡೀರೇನು ಮೊದಲ?”

ಯಾರೂ ನೋಡಿರಲಿಲ್ಲ. ಸದಾ ನೀರು ತುಂಬಿದ ಬಾವಿಯ ಮಂದಿ ನಾವು, ಒಣ ಬಾವಿಗೆ ಇಳಿಯುವ ಕ್ರಮ ನಮಗೇನು ಗೊತ್ತು? ಹಚ್ಚಿದ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟರೆ ಅರ್ಧ ದಾಟಿದ್ದೇ ಆರಿಹೋಯಿತು.

“ನಾವು ಮಣ್ಣಿಗೆ ಕುಣಿ ತೋಡೋ ಮಂದಿ, ನಮಗ ಗೊತ್ತೈತಿ. ತಳದಾಗ ಕೆಟ್ಟ ಗಾಳಿ ಕುಂತದ. ಮನಿಯಾಗಿನ ನೀರೆಲ್ಲಾ ತಂದು ಸುರೀರಿ, ಗಾಳಿ ಅಲ್ಲಾಡಲಿ! ಲಗು ಲಗು!” ಎಂದಳು ಮುದುಕಿ.

ಗಂಡಸರು ಬೇವಿನ ಟೊಂಗೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸತೊಡಗಿದರು. ಹನಿ ಹನಿಗೆ ಕಚ್ಚಾಡುತ್ತಿದ್ದ ಹೆಂಗಸರು ಹಂಡೆ, ಕೊಡ, ಕುಡಿಯುವ ಬಿಂದಿಗೆ, ಏನಿತ್ತೋ ಎಲ್ಲ ತಂದು ಸುರಿದರು. ನಮ್ಮ ಮನೆಯಲ್ಲಿ ಮೂರು ಕೊಡ ನೀರಿತ್ತು. ಎರಡು ತಂದು ಸುರಿದೆ. ಮೂರನೆಯದಕ್ಕೆ ಕೈ ಹಾಕಿದಾಗ ತೊಟ್ಟಿಲಲ್ಲಿ ಮಗ ನರಳಿದ. ಎರಡು ದಿನದಿಂದ ಅವನಿಗೆ ಭೇದಿ. ನಳ ಬರಲು ಇನ್ನೂ ಎರಡು ದಿನ. ಆ ಕೊಡವನ್ನು ಕಟ್ಟಿಗೆಯ ಮರೆಗೆ ಸರಿಸಿ ಹೊರಗೆ ಬಂದೆ.

“ಇನ್ನೂ ಐತೇನವಾ?” ಫಾತಿಮಾ ಚಾಚಿ ನನ್ನ ತೋಳು ಹಿಡಿದು ಕೇಳಿದರು.

“ಇಲ್ಲ ಚಾಚಿ, ತೀರಿತು” ಎಂದೆ. ಹೇಗೆ ಅಂದೆನೋ, ದೇವರಿಗೇ ಗೊತ್ತು.

ಮೂರನೆಯ ಸಲ ಬಿಟ್ಟಾಗ ಕಂದೀಲು ಆರಲಿಲ್ಲ. ಬಾಬು ಇಳಿದು ಅಣ್ಣನಿಗೆ ಹಗ್ಗ ಬಿಗಿದ. ಎಳೆದು ಮೇಲೆ ಹಾಕಿದಾಗ ಚಾಚಾನ ತುಟಿ ಕಪ್ಪಾಗಿತ್ತು. ಸ್ವಲ್ಪ ಹೊತ್ತಿಗೆ ಕೆಮ್ಮಿದರು, ವಾಂತಿ ಮಾಡಿಕೊಂಡರು, ಆಮೇಲೆ “ಪಾನಿ” ಎಂದರು.

ಒಂಬತ್ತು ಮನೆಗಳಲ್ಲಿ ಒಂದು ಲೋಟ ನೀರಿಲ್ಲ! ನಾನು ಒಳಗೆ ಓಡಿ ಆ ಕೊಡ ಹೊತ್ತು ತಂದೆ.

“ಶಾಣ್ಯಾಕಿ ಅದೀ ಬಿಡವಾ! ಇಂಥಾ ಹೊತ್ತಿನ್ಯಾಗೂ ತಲಿ ಓಡಿಸಿ ಉಳಿಸೀದಿ” ಎಂದು ಮುದುಕಿ ನನ್ನ ಬೆನ್ನು ತಟ್ಟಿದಳು. ಓಣಿಯವರೆಲ್ಲ ಹೌದು ಹೌದೆಂದರು. ನಾನು ತಲೆ ಎತ್ತಲಿಲ್ಲ.

ಫಾತಿಮಾ ಚಾಚಿ ಗಂಡನಿಗೆ ಎರಡು ಲೋಟ ಕುಡಿಸಿ, ಉಳಿದ ಕೊಡವನ್ನು ನನ್ನ ಕೈಗೇ ಕೊಟ್ಟು ಮೆಲ್ಲಗೆ ಹೇಳಿದರು: “ಒಳಗ ಇಟ್ಟಕೋ. ಕೂಸಿಗೆ ಬೇಕಲ್ಲ.”

ಚಾಚಾ ಆಮೇಲೆ ಬಹಳ ವರ್ಷ ಬದುಕಿದರು. ಚಾಚಿ ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ನಾನೂ ಅವರ ಮುಂದೆ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.