ದೀಪ ಆರಿಸುವ ಅಕ್ಕ

ಬೆಳಕು ಹರಿಯುವ ಹೊತ್ತು. ಕೆಲಸದ ಕೋಣೆಗೆ ಬಂದವರೆಲ್ಲ ಮೊದಲು ದೀಪ ಹಾಕಿದರೆ, ಈ ಅಕ್ಕ ಬಂದವರೇ ದೀಪ ಆರಿಸಿ ಕಿಟಕಿಯ ಪರದೆ ಎಳೆಯುತ್ತಾರೆ. ಮಂದವಾದ ಕೆಂಪು ಬಲ್ಬಿನ ಕೆಳಗೆ ಕೂತು ಬೆರಳುದ್ದದ ಸೀಸೆಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತತೊಡಗುತ್ತಾರೆ. ಪ್ರಯೋಗಾಲಯದವರು ಇಟ್ಟ ಹೆಸರು ‘ಕತ್ತಲೆ ಅಕ್ಕ’. “ಮನೇಲೂ ಇದೇ ಚಾಳಿ. ನಾನು ಪೇಪರ್ ಓದ್ತಿದ್ರೂ ಲೈಟ್ ಆರಿಸಿ ಹೋಗ್ತಾಳೆ” ಎಂದು ಗಂಡ ಗೊಣಗುತ್ತಾರೆ.

ಸೀಸೆಯಲ್ಲಿರುವ ಬಣ್ಣ ಜೀವಂತ ಕೋಶದೊಳಗೆ ಹೊಕ್ಕು, ಅಲ್ಲಿ ಕೋಶವನ್ನು ಕೆಡಿಸುವ ಪುಂಡ ಅಣುಗಳು ಎದುರಾದರೆ ಮಾತ್ರ ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯಬೇಕು. ಬೆಳಕಿಗೆ ಬಿತ್ತೋ, ಕೋಶ ಮುಟ್ಟುವ ಮುನ್ನವೇ ತಾನಾಗಿ ಹೊಳೆಯುತ್ತದೆ. “ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಇಲ್ಲಿ ಹಸಿರಾಗಿರೋದೆಲ್ಲ ನಿಜ ಅಲ್ಲ” ಎನ್ನುತ್ತಾರೆ ಅಕ್ಕ.

ಗಾಜು ತೊಳೆಯಲು ಸೇರಿ ಹತ್ತೊಂಬತ್ತು ವರ್ಷ. ಈಗ ದಿನಕ್ಕೆ ನಲವತ್ತು ತಟ್ಟೆ ಕೋಶಗಳ ಆರೈಕೆ ಇವರದೇ. ಭಾನುವಾರವೂ ಬಂದು ಅವಕ್ಕೆ ಉಣಿಸಿ ಹೋಗುತ್ತಾರೆ. ಯಾವ ಪ್ರಬಂಧದಲ್ಲೂ ಇವರ ಹೆಸರಿಲ್ಲ. ಅದನ್ನು ಅವರು ನಕ್ಕು ಬಿಡುತ್ತಾರೆ. ಬಿಡಲಾಗದ್ದು ಒಂದಿದೆ.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಳೆ ಮುಗಿದಿತ್ತು. ಸೀಸೆಯನ್ನು ಕಿಟಕಿಯ ಬಿಸಿಲಲ್ಲೇ ಬಿಟ್ಟು ಉಗ್ರಾಣಕ್ಕೆ ಹೋದವರು ಮಾತಿಗೆ ನಿಂತುಬಿಟ್ಟರು. ಅರ್ಧ ಗಂಟೆಯ ಮೇಲೆ ಬಂದು ಹಾಳೆ ಸುತ್ತಿಟ್ಟರು. ಸಂಶೋಧನೆ ಮಾಡುತ್ತಿದ್ದ ಹುಡುಗಿ ಅದನ್ನೇ ಬಳಸಿದಳು. ಕೋಶಗಳೆಲ್ಲ ಝಗ್ಗನೆ ಹಸಿರಾದವು. ಪ್ರಯೋಗ ಗೆದ್ದಿತೆಂದು ಅದರ ಚಿತ್ರ ತೆಗೆದುಕೊಂಡು, “ಅಕ್ಕಾ, ಎಲ್ಲ ನಿಮ್ಮ ಕೈಗುಣ!” ಎಂದು ಅಪ್ಪಿಕೊಂಡಳು.

“ಸೀಸೆ ಬಿಸಿಲಲ್ಲಿತ್ತು ಅನ್ನೋದು ನಾಲಿಗೆ ತುದೀಗೆ ಬಂದಿತ್ತು. ಇಷ್ಟು ಓದಿದೋರಿಗೆ ಗೊತ್ತಾಗಲ್ವಾ ಅಂದ್ಕೊಂಡು ನುಂಗಿಬಿಟ್ಟೆ.”

ಆ ಹೊಳಪು ಮತ್ತೆ ಬರಲಿಲ್ಲ. ಹುಡುಗಿ ವರ್ಷವಿಡೀ ಮಾಡಿ ಮಾಡಿ ಸೋತಳು. ಆ ಚಿತ್ರವನ್ನೇ ತಿದ್ದಿದ್ದಾಳೆಂದು ಗುಸುಗುಸು ಹಬ್ಬಿ, ಕೊನೆಗೆ ಸಂಶೋಧನೆಯನ್ನೇ ಬಿಟ್ಟು ಹೋದಳು. ಅಕ್ಕ ಪ್ರೊಫೆಸರ್ ಮುಂದೆ ಬಾಯಿ ಬಿಟ್ಟದ್ದು ಅದಾಗಿ ತಿಂಗಳ ಮೇಲೆ. ಪ್ರೊಫೆಸರ್ ವಿಷಯ ತಿಳಿಸಿ ಬರೆದ ಪತ್ರಕ್ಕೆ ಹುಡುಗಿಯಿಂದ ಉತ್ತರ ಬರಲಿಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಅಕ್ಕನಿಗೆ ಮಾತ್ರ ಇಂದಿಗೂ ಸಮಾಧಾನವಿಲ್ಲ.

ಈಗ ಅಕ್ಕ ದಿನವೂ ಒಂದು ತಟ್ಟೆ ಹೆಚ್ಚು ಇಡುತ್ತಾರೆ, ಕೋಶವೇ ಇಲ್ಲದ್ದು. ಅದಕ್ಕೂ ಬಣ್ಣ ಹಾಕಿ ತಾವೇ ಇಣುಕಿ ನೋಡುತ್ತಾರೆ. ಬರೀ ಕತ್ತಲೆ ಕಂಡರಷ್ಟೇ ಸೀಸೆ ಬೇರೆಯವರ ಕೈಗೆ. ಇಂದೂ ಕತ್ತಲೆ ಕಂಡಿದೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಕೈಗವಸು ಕಳಚುತ್ತಾ ಹೇಳುತ್ತಾರೆ: “ಆ ಮಗು ಒಂದ್ಸಲ ಬಂದ್ರೆ ಸಾಕು. ನೀನು ತೆಗೆದ ಚಿತ್ರ ಸುಳ್ಳಲ್ಲಮ್ಮ, ನಾನು ಕೊಟ್ಟ ಸೀಸೆ ಸುಳ್ಳು ಅಂತ ಎದುರಿಗೆ ನಿಂತು ಹೇಳ್ಬೇಕು.”