ಚೆಕಿಂಗ್ ಅಕ್ಕ ಕೇಳಿದ ಪ್ರಶ್ನೆ

ಹೋದ ತಿಂಗಳು ನನ್ನ ನಾದಿನಿ ಬ್ರೂಕ್‌ಫೀಲ್ಡಿನ ನಮ್ಮ ಮನೆಗೆ ಬಂದವಳೇ ದೊಡ್ಡ ಕವರಿನಿಂದ ಸ್ಕ್ಯಾನಿಂಗ್ ಫಿಲ್ಮ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಮಗಳಿಗೆ ಒಂಬತ್ತು ವರ್ಷ. ಅಂಡಾಶಯದ ಮೇಲೆ ನೀರು ತುಂಬಿದ ಗುಳ್ಳೆ ಬೆಳೆದಿದೆ, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಮಗು ಸೋಫಾದ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿತ್ತು. ಅದರ ಕಡೆ ತಿರುಗಿಯೂ ನೋಡದೆ ನಾದಿನಿ, "ಗಾಯ ಕಾಣದ ಹಾಗೆ ಮಾಡ್ತಾರಂತೆ ಅತ್ತಿಗೆ, ನಮಗೆ ಅಷ್ಟಾದ್ರೆ ಸಾಕು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಪ್ಪು ಫಿಲ್ಮು, ಆ ಮಾತು... ಹದಿನೆಂಟು ವರ್ಷದ ಹಿಂದೆ ನಾಗಸಂದ್ರದ ವಠಾರದಲ್ಲಿ ನನ್ನ ಹೊಟ್ಟೆಯ ವಿಷಯಕ್ಕೂ ಇದೇ ಪಂಚಾಯಿತಿ ನಡೆದಿತ್ತು. ಅದಕ್ಕೆ ಎದುರು ನಿಂತವರು ಒಬ್ಬರೇ, ಪಕ್ಕದ ಮನೆಯ ಚೆಕಿಂಗ್ ಅಕ್ಕ.

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಅವರದು ಚೆಕಿಂಗ್ ಕೆಲಸ. ಹೊಲಿದು ಬಂದ ಶರ್ಟನ್ನು ಪಾಸು ಮಾಡುವ ಮೊದಲು ಒಳಮಗ್ಗುಲು ಹೊರಗೆ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಬೇಕು. ಆ ಅಭ್ಯಾಸ ಮನೆಗೂ ಬಂದುಬಿಟ್ಟಿತ್ತು. ಹಬ್ಬಕ್ಕೆ ನನಗೆ ಹೊಸ ಫ್ರಾಕ್ ತಂದರೆ, "ಚೆನ್ನಾಗೈತೆ" ಎನ್ನುವುದಕ್ಕೆ ಮುಂಚೆ ತಿರುವಿ ಹಾಕಿ ಒಳಗೆ ನೋಡುತ್ತಿದ್ದರು. "ಇವಳ ಫ್ಯಾಕ್ಟರಿ ಬುದ್ಧಿ ಎಲ್ಲಿಗೆ ಹೋಗುತ್ತೆ" ಎಂದು ಅಮ್ಮ ಒಳಗೊಳಗೇ ಗೊಣಗುತ್ತಿದ್ದಳು.

ನನಗೆ ಹನ್ನೊಂದು ವರ್ಷವಿದ್ದಾಗ ಹೊಟ್ಟೆನೋವು ಶುರುವಾಯಿತು. ಓಂಕಾಳಿನ ಕಷಾಯವಾಯಿತು, ಹರಳೆಣ್ಣೆಯಾಯಿತು. ಆಮೇಲೆ ಹೊಟ್ಟೆ ಊದತೊಡಗಿತು. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ನಾನಿನ್ನೂ ಮೈನೆರೆದಿರಲಿಲ್ಲ. ಅಮ್ಮ ಮಾಡಿದ್ದೇನು ಗೊತ್ತೆ? ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಅಪ್ಪನ ಹಳೇ ಶರ್ಟು ತೊಡಿಸಿ, ನೀರಿಗೆ ಕಳಿಸುವುದನ್ನು ನಿಲ್ಲಿಸಿದಳು. ಎರಡು ತಿಂಗಳು ನಾನು ಆ ದೊಗಳೆ ಶರ್ಟಿನೊಳಗೆ ನೋವು ತಿಂದೆ. ಅಮ್ಮನ ಭಯ ನನಗೆ ಈಗ ಅರ್ಥವಾಗುತ್ತದೆ, ಕ್ಷಮಿಸಲು ಮಾತ್ರ ಇನ್ನೂ ಆಗುತ್ತಿಲ್ಲ.

ಒಂದು ಭಾನುವಾರ ನಾನು ಬಾಗಿಲ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದೆ. ಚೆಕಿಂಗ್ ಅಕ್ಕ ಬಂದು ಏನೂ ಕೇಳದೆ ಶರ್ಟು ಎತ್ತಿ ನೋಡಿದರು. ಮಾರನೆಯ ದಿನ ಫ್ಯಾಕ್ಟರಿಗೆ ರಜೆ ಹಾಕಿ, ಅಮ್ಮನನ್ನು ರೆಟ್ಟೆ ಹಿಡಿದು ಎಬ್ಬಿಸಿ, ನನ್ನನ್ನು ಸ್ಕ್ಯಾನಿಂಗಿಗೆ ಕರೆದೊಯ್ದರು. ಬಲಗಡೆಯ ಅಂಡಾಶಯದ ಮೇಲೆ ತೆಂಗಿನಕಾಯಿಯಷ್ಟು ದೊಡ್ಡ ಗುಳ್ಳೆ ಇತ್ತು.

ಮೊದಲು ತೋರಿಸಿದ ನರ್ಸಿಂಗ್ ಹೋಮಿನ ಡಾಕ್ಟರು ಫಿಲ್ಮಿನಿಂದ ಕಣ್ಣೆತ್ತಲೇ ಇಲ್ಲ. ಹೊಟ್ಟೆ ಕೊಯ್ಯುವುದಿಲ್ಲ, ಮೂರು ಸಣ್ಣ ತೂತು ಅಷ್ಟೇ, ಮೂರನೇ ದಿನ ಮನೆಗೆ ಎಂದರು. ಅಮ್ಮನ ಮುಖ ಅರಳಿತು. ಆಗ ಚೆಕಿಂಗ್ ಅಕ್ಕ, "ಏನು ತೆಗೀತೀರ ಸಾರ್, ಏನು ಉಳಿಸ್ತೀರ?" ಎಂದು ಕೇಳಿದರು.

ಡಾಕ್ಟರಿಗೆ ಸಿಟ್ಟು ಬಂತು. ಅಂಡಾಶಯ ಸಮೇತ ತೆಗೆದುಬಿಟ್ಟರೆ ರಗಳೆ ಇಲ್ಲ, ಇನ್ನೊಂದು ಇದೆಯಲ್ಲ ಎಂದರು. ಹನ್ನೊಂದು ವರ್ಷದ ಹುಡುಗಿಯ ಎದುರೇ, ಹಳೇ ಮನೆಯ ಕಿಟಕಿ ಕಿತ್ತು ಹಾಕುವ ಹಾಗೆ.

ಅಕ್ಕ ಅಲ್ಲಿಂದ ನಮ್ಮನ್ನು ಎಬ್ಬಿಸಿಕೊಂಡು ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದರು. ಮಕ್ಕಳ ಆಪರೇಷನ್ ಮಾಡುವ ವಯಸ್ಸಾದ ಡಾಕ್ಟರಮ್ಮ ಇದ್ದರು. ಅವರಿಗೂ ಅಕ್ಕ ಅದೇ ಪ್ರಶ್ನೆ ಹಾಕಿದರು. ಆಕೆ ಸಿಟ್ಟಾಗಲಿಲ್ಲ. "ಸಣ್ಣದಿದ್ದಿದ್ರೆ ನಾನೂ ತೂತು ಮಾಡಿಯೇ ತೆಗೀತಿದ್ದೆ. ಮಗುಗೆ ನೋವು ಕಮ್ಮಿ, ಬೇಗ ಮನೆಗೆ ಹೋಗುತ್ತೆ. ಇದು ದೊಡ್ಡದಿದೆ, ಒಳಗೇನಿದೆ ಅಂತ ಸ್ಕ್ಯಾನಿಂಗಲ್ಲಿ ಪೂರ್ತಿ ಗೊತ್ತಾಗ್ತಿಲ್ಲ. ಅಕಸ್ಮಾತ್ ಒಡೆದು ಹೊಟ್ಟೆಯೊಳಗೆ ಚೆಲ್ಲಬಾರದು. ತೆರೆದೇ ಮಾಡ್ತೀನಿ, ಗುಳ್ಳೆ ಬಿಡಿಸಿ ಅಂಡಾಶಯ ಉಳಿಸೋಕೆ ಪ್ರಯತ್ನ ಪಡ್ತೀನಿ" ಎಂದರು. ಗಾಯ ಗೇಣುದ್ದ ಇರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಅಷ್ಟು ಸಾಕಾಯಿತು. ಅಂದು ಸಂಜೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ನಮ್ಮ ಮನೆಯಲ್ಲಿ ಚಾಪೆ ಹಾಸಿ ಕೂತರು. ಅವರಿಗೊಬ್ಬ ಮಗ. ನನ್ನನ್ನು ಅವನಿಗೇ ಎಂದು ತೆಗೆದಿಟ್ಟುಕೊಂಡಿದ್ದರು. ಗೇಣುದ್ದ ಗಾಯ ಇಟ್ಟುಕೊಂಡ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ತೂತಿನ ಆಪರೇಷನ್ನೇ ಮಾಡಿಸಿ ಎಂದು ಪಟ್ಟು ಹಿಡಿದರು. ನನಗೆ ಎಲ್ಲಿ ನೋಯುತ್ತದೆ ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ನಾನು ಗೋಡೆಗೆ ಒರಗಿ ಇವರೆಲ್ಲ ಸಾಯಬಾರದೇ ಎಂದುಕೊಂಡಿದ್ದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಗೋಡೆಯಾಚೆ ಎಲ್ಲ ಕೇಳಿಸುತ್ತಿತ್ತು. ಚೆಕಿಂಗ್ ಅಕ್ಕ ಬಂದು ಬಾಗಿಲಲ್ಲೇ ನಿಂತರು.

"ನಂದು ತೂತಿನ ಆಪರೇಸನ್ನೇ ಕಣಮ್ಮ. ಗಾಯ ಹುಡುಕಿದ್ರೂ ಸಿಗಾಕಿಲ್ಲ, ಎಲ್ರೂ ಸಕ್ಕತ್ತಾಗೈತೆ ಅಂದ್ರು. ಒಳಗೆ ಎರಡೂ ಕಡೆ ತೆಗುದವ್ರೆ ಅಂತ ವರ್ಸ ಆದ್ಮೇಲೆ ಗೊತ್ತಾಯ್ತು. ಆಗ ನಂಗೆ ಇಪ್ಪತ್ಮೂರು. ನಮ್ಮೋರು ಯಾರೂ ಕೇಳ್ಲಿಲ್ಲ, ಅವ್ರು ಯೋಳ್ಲಿಲ್ಲ."

ಅತ್ತೆ ಚಾಪೆಯ ಮೇಲಿಂದಲೇ ಕೇಳಿದರು, "ನೀನು ಬಂಜೆ ಅಂತ ನಮ್ಮ ಹುಡುಗಿ ಹೊಟ್ಟೇನೂ ಸೀಳಿಸ್ತೀಯಾ?"

ಅಕ್ಕ ಅಪ್ಪನ ಕಡೆ ತಿರುಗಿ, "ಅಣ್ಣ, ಮೇಲಿನ ಹೊಲಿಗೆ ನೋಡಿ ಸೈನ್ ಹಾಕ್ಬ್ಯಾಡಿ" ಎಂದಷ್ಟೇ ಹೇಳಿ ಹೋದರು. ಲೇತ್ ಕೆಲಸದ ಅಪ್ಪ ಮನೆಯಲ್ಲಿ ಬಾಯಿ ಬಿಡುವವನೇ ಅಲ್ಲ. ಮಾರನೆಯ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಬಂದು ಡಾಕ್ಟರಮ್ಮನ ಕಾಗದಕ್ಕೆ ಸಹಿ ಹಾಕಿದ.

ಗುಳ್ಳೆ ಹೋಯಿತು, ಅಂಡಾಶಯ ಉಳಿಯಿತು, ಕ್ಯಾನ್ಸರ್ ಗೀನ್ಸರ್ ಏನೂ ಇರಲಿಲ್ಲ. ಎದ್ದು ಸರಿಯಾಗಿ ಓಡಾಡಲು ತಿಂಗಳೇ ಬೇಕಾಯಿತು. ನಕ್ಕರೂ ಹೊಲಿಗೆ ಎಳೆಯುತ್ತಿತ್ತು. ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿದರು, ಡಾಕ್ಟರಮ್ಮನಿಗೆ ಸೀರೆ ಕೊಡಲು ಹೋಗಿ ಬೈಸಿಕೊಂಡರು. ಚೆಕಿಂಗ್ ಅಕ್ಕನ ಮನೆಗೆ ಒಂದು ತುಂಡು ಕೊಬ್ಬರಿಯನ್ನೂ ಕಳಿಸಲಿಲ್ಲ. ಅತ್ತೆ ಮಗನಿಗೆ ಬೇರೆ ಹುಡುಗಿ ನೋಡುವುದಾಗಿ ಹೇಳಿದರು, ಅದಕ್ಕೂ ಅಕ್ಕನೇ ಕಾರಣವೆಂದು ಅಮ್ಮ ಮಾತು ಬಿಟ್ಟಳು.

ಇವರನ್ನೆಲ್ಲ ಬೈಯುವ ನಾನು ಮಾಡಿದ್ದೇನು? ಹದಿನೈದನೇ ವಯಸ್ಸಿನಲ್ಲಿ, ಸ್ಕೂಲ್ ಡೇ ದಿನ ಡ್ಯಾನ್ಸಿಗೆ ಬಟ್ಟೆ ಬದಲಿಸುವಾಗ ಹುಡುಗಿಯೊಬ್ಬಳು ನನ್ನ ಗಾಯ ಕಂಡು ಎಲ್ಲರನ್ನೂ ಕರೆದು ತೋರಿಸಿದಳು. ಅಳುತ್ತ ಮನೆಗೆ ಬಂದರೆ ಚೆಕಿಂಗ್ ಅಕ್ಕ ತಮ್ಮ ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದರು. ಎಲ್ಲ ಸಿಟ್ಟೂ ಅವರ ಮೇಲೇ ಹೋಯಿತು.

"ನಿಮ್ಮಿಂದಾನೇ ನಂಗೆ ಈ ಗಾಯ. ನಿಮ್ಮನ್ನ ಯಾರು ಕೇಳಿದ್ರು?"

"ಊಂ ಕಣವ್ವ, ನನ್ನಿಂದಾನೇ" ಎಂದು ಒಳಗೆ ಹೋದರು.

ಆಮೇಲೆ ನಾನು ಆ ಕಡೆ ತಲೆ ಎತ್ತಿ ನೋಡಲಿಲ್ಲ. ಕೆಲವೇ ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿದರು. ಯಾವ ಕಡೆ ಹೋದರೆಂದು ನಾವು ಯಾರೂ ವಿಚಾರಿಸಲಿಲ್ಲ...

ನಾದಿನಿಯ ಮಗಳ ಜೊತೆ ಆಸ್ಪತ್ರೆಗೆ ನಾನೇ ಹೋದೆ. ಏನು ತೆಗೆಯುತ್ತೀರಿ, ಏನು ಉಳಿಸುತ್ತೀರಿ ಎಂದು ಕೇಳಿದೆ. ಅವಳದು ನಿಂಬೆಹಣ್ಣಿನಷ್ಟು, ಬರೀ ನೀರು, ತೂತಿನ ಆಪರೇಷನ್ನಿನಲ್ಲೇ ಗುಳ್ಳೆ ಮಾತ್ರ ಬಿಡಿಸಬಹುದು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಹಾಗೇ ಆಯಿತು. ಮೂರನೇ ದಿನ ಮಗು ಮನೆಯಲ್ಲಿ ದೋಸೆ ಕೇಳುತ್ತಿತ್ತು.

ಅದನ್ನು ಚೆಕಿಂಗ್ ಅಕ್ಕನಿಗೆ ಹೇಳಬೇಕೆಂದೇ ಆ ಭಾನುವಾರ ನಾಗಸಂದ್ರಕ್ಕೆ ಹೋದೆ. ವಠಾರವಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ಅಂಗಡಿಯಲ್ಲಿ ವಿಚಾರಿಸಿದಾಗ ಹಿಂದಿನ ಬೀದಿಯಲ್ಲಿದ್ದ ಅಕ್ಕನ ತಂಗಿಯ ಮನೆ ತೋರಿಸಿದರು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ಅಲ್ಲಿಯತನಕ ಆ ಹಿಂದಿನ ಬೀದಿಯಲ್ಲೇ ಇದ್ದರಂತೆ.

ನಾನು ಯಾರೆಂದು ಹೇಳಿದೆ. ತಂಗಿ ನನ್ನ ಮುಖ ನೋಡಿದರು.

"ಆಪರೇಸನ್ ಹುಡುಗೀನಾ? ನಮ್ಮಕ್ಕ ಸಾಯೋವರ್ಗೂ ನಿನ್ನ ಇಸ್ಯ ತೆಗೀತಿದ್ಲು ಕಣವ್ವ. ಮತ್ತೆ ನೋವು ಬಂತೋ ಏನೋ, ಕೇಳಾನ ಅಂದ್ರೆ ಅವ್ಳಿಗೆ ನನ್ಮ್ಯಾಲೆ ಕೋಪ ಅನ್ನೋಳು. ಬಂತಾ?"

"ಇಲ್ಲ, ಒಂದು ದಿನವೂ ಬರಲಿಲ್ಲ" ಎಂದು ಅವರ ತಂಗಿಗೆ ಹೇಳಿದೆ.